ಬಿದರಿಯ ಹೂಜಿಯೂ ಬೀಜಸಮ್ಮಿಲನದ ಕುಲುಮೆಯೂ

ಬೀದರ ನಗರದ ಚೌಬಾರದ ಸುತ್ತಣ ಓಣಿಗಳಲ್ಲಿ ಬಿದರಿಯ ಕುಶಲಕರ್ಮಿಗಳು ಕೆಲಸ ಮಾಡುವುದನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಬೆರೆಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪುಮಾಡುತ್ತಾರೆ. ಮೈಲುತುತ್ತದ ನೀರನ್ನು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪುಮಾಡಿಕೊಂಡು, ಉಳಿಯಿಂದ ಹೂಬಳ್ಳಿಗಳನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಕಾಯಿಸಿ ಪಾತ್ರೆಗೆ ಹಚ್ಚಿದಾಗ ಮಿಶ್ರಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ; ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಚ್ಚಿದ ಮಣ್ಣು ಒಂದೇ. ಆದರೂ ಒಂದೊಂದು ಲೋಹ ಒಂದೊಂದು ಬಗೆಯಾಗಿ ಅದಕ್ಕೆ ಉತ್ತರ ಕೊಡುತ್ತದೆ. ನಾವು ಇಲ್ಲಿ ಹೇಳಹೊರಟಿರುವುದೂ ಇಂಥದೇ ಒಂದು ಸಂಗತಿ. ಅಲ್ಲಿ ಪಾತ್ರೆಗೆ ತಗಲುವುದು ಮಣ್ಣಲ್ಲ, ನ್ಯೂಟ್ರಾನು.

ಭಾಲ್ಕಿಯಿಂದ ದಿನವೂ ರೈಲಿನಲ್ಲಿ ಬಂದುಹೋಗುವ ವಿದ್ಯಾರ್ಥಿಯೊಬ್ಬ ಒಮ್ಮೆ ತರಗತಿಯ ಕೊನೆಯಲ್ಲಿ ನಮ್ಮನ್ನು ಕೇಳಿದ: “ಸರ್, ಬೀಜಸಮ್ಮಿಲನದ ಶಕ್ತಿ ಬಹಳ ಶುದ್ಧ, ಅದರಲ್ಲಿ ವಿಕಿರಣದ ಬೂದಿ ಉಳಿಯುವುದಿಲ್ಲ ಎಂದು ಪುಸ್ತಕದಲ್ಲಿದೆ. ಹಾಗಿದ್ದರೆ ಅದರ ಸುತ್ತ ಅಷ್ಟು ದಪ್ಪನೆಯ ಕವಚವನ್ನು ಏಕೆ ಕಟ್ಟುತ್ತಾರೆ?” ಪ್ರಶ್ನೆ ಸಣ್ಣದಾದರೂ ವಿಷಯದ ಮರ್ಮವನ್ನೇ ಹಿಡಿದಿತ್ತು. ಪುಸ್ತಕದ ಮಾತು ಸುಳ್ಳಲ್ಲ; ಅರ್ಧ ಮಾತ್ರ ನಿಜ.

ಕೈಗಾದಲ್ಲಿರುವಂಥ ಇಂದಿನ ಪರಮಾಣು ಸ್ಥಾವರಗಳಲ್ಲಿ ಯುರೇನಿಯಮ್ಮಿನ ಬೀಜ ಒಡೆದು ಎರಡು ಚೂರಾಗುತ್ತದೆ. ಇದು ವಿದಳನ. ಆ ಚೂರುಗಳಲ್ಲಿ ಬಹುಪಾಲು ವಿಕಿರಣಪಟುಗಳು. ಸ್ಥಾವರವನ್ನು ಎಷ್ಟೇ ಜಾಣತನದಿಂದ ಕಟ್ಟಿದರೂ ಅವು ಹುಟ್ಟದಿರಲಾರವು. ಆ ಬೆಂಕಿಯ ಬೂದಿಯ ಸ್ವಭಾವವೇ ಅದು. ಸಮ್ಮಿಲನದಲ್ಲಿ ಹಾಗಲ್ಲ. ಜಲಜನಕದ ಎರಡು ಹಗುರವಾದ ಬೀಜಗಳು ಕೂಡಿ ಹೀಲಿಯಮ್ಮಿನ ಬೀಜವೊಂದು ಆಗುತ್ತದೆ. ಹೀಲಿಯಮ್ ಜಾತ್ರೆಯ ಬಲೂನಿನೊಳಗಿನ ಸಾಧು ಅನಿಲ. ಬೂದಿ ಶುದ್ಧವೆಂಬ ಮಾತು ಇಲ್ಲಿಗೆ ನಿಜ.

ಸದ್ಯಕ್ಕೆ ಸಾಧ್ಯವೆಂದು ಕಾಣುವ ಸಮ್ಮಿಲನವೆಂದರೆ ಡ್ಯುಟೀರಿಯಮ್ ಮತ್ತು ಟ್ರಿಟಿಯಮ್ ಎಂಬ ಭಾರ ಜಲಜನಕಗಳದು. ಡ್ಯುಟೀರಿಯಮ್ಮಿಗೆ ಬರಗಾಲವಿಲ್ಲ. ಎಲ್ಲ ನೀರಿನಲ್ಲಿಯೂ ಸುಮಾರು 6,400 ಜಲಜನಕ ಪರಮಾಣುಗಳಿಗೆ ಒಂದರಂತೆ ಅದು ಇದ್ದೇ ಇದೆ. ನಮ್ಮ ರಾಜ್ಯದ ಉತ್ತರದ ತುದಿಯಾದ ಔರಾದ ತಾಲ್ಲೂಕಿನಲ್ಲಿ ಬೇಸಿಗೆಯ ದಿನ ಬಾವಿಯಿಂದ ಸೇದಿದ ಹದಿನೈದು ಲೀಟರಿನ ಒಂದು ಕೊಡ ನೀರಿನಲ್ಲಿ ಸುಮಾರು ಅರ್ಧ ಗ್ರಾಂ ಡ್ಯುಟೀರಿಯಮ್ ಇರುತ್ತದೆ. ಅಷ್ಟನ್ನು ಮುಕ್ಕಾಲು ಗ್ರಾಂ ಟ್ರಿಟಿಯಮ್ಮಿನೊಡನೆ ಪೂರ್ಣವಾಗಿ ಸಮ್ಮಿಲನಗೊಳಿಸಿದರೆ ಒಂದು ಲಕ್ಷ ಯುನಿಟ್ಟಿಗೂ ಮೀರಿದ ಶಾಖ ಹೊರಡುವುದು. ನೀರಿಗಾಗಿಯೇ ಮೈಲಿ ನಡೆಯಬೇಕಾದ ಊರುಗಳಲ್ಲಿ ಈ ಲೆಕ್ಕ ವಿನೋದದಂತೆ ಕೇಳಿಸೀತು. ಆದರೂ ಲೆಕ್ಕ ಸರಿಯಾದುದೇ.

ಒಂದೊಂದು ಸಮ್ಮಿಲನದಲ್ಲಿ 17.6 ದಶಲಕ್ಷ ಎಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿ ಹೊರಬೀಳುತ್ತದೆ. ಹುಟ್ಟುವ ಕಣಗಳು ಎರಡು: ಹೀಲಿಯಮ್ ಬೀಜ ಮತ್ತು ನ್ಯೂಟ್ರಾನು. ಹೀಲಿಯಮ್ ನ್ಯೂಟ್ರಾನಿನ ನಾಲ್ಕರಷ್ಟು ಭಾರ. ಎರಡಕ್ಕೂ ಸಂವೇಗ ಸಮವಾಗಿರಬೇಕಾದುದರಿಂದ, ಪ್ರೌಢಶಾಲೆಯ ಗಣಿತದಿಂದಲೇ ತಿಳಿಯುವಂತೆ, ಶಕ್ತಿಯ ಐದು ಪಾಲುಗಳಲ್ಲಿ ನಾಲ್ಕು ಪಾಲು ಹಗುರವಾದ ನ್ಯೂಟ್ರಾನಿಗೆ ಸೇರುತ್ತದೆ, ಅಂದರೆ 14.1 ದಶಲಕ್ಷ. ವಿದಳನದ ನ್ಯೂಟ್ರಾನಿನ ಸರಾಸರಿ ಶಕ್ತಿ ಸುಮಾರು ಎರಡು ದಶಲಕ್ಷ ಮಾತ್ರ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಆದುದರಿಂದ ಅನಿಲವನ್ನು ಹಿಡಿದಿಡುವ ಕಾಂತಕ್ಷೇತ್ರ ಅದನ್ನು ತಡೆಯಲಾರದು. ಅದು ನೆಟ್ಟಗೆ ಹೊರಟು ಕುಲುಮೆಯ ಗೋಡೆಗೆ ನುಗ್ಗುತ್ತದೆ. ಅಲ್ಲಿ ಸಿಕ್ಕ ಬೀಜವನ್ನು ಸೇರಿಕೊಳ್ಳಬಹುದು, ಇಲ್ಲವೇ ಅದರಿಂದ ಒಂದೆರಡು ಕಣಗಳನ್ನು ಬಡಿದು ಹಾರಿಸಬಹುದು. ಹೀಗೆ ಮಾರ್ಪಟ್ಟ ಬೀಜ ಎಷ್ಟೋ ಸಲ ವಿಕಿರಣಪಟುವಾಗಿರುತ್ತದೆ. ಬೆಂಕಿಯ ಬೂದಿ ಶುದ್ಧವಾದರೂ ಒಲೆಯೇ ಮೈಲಿಗೆಯಾಗುವುದೆಂದರೆ ಇದೇ.

ವಿದ್ಯಾರ್ಥಿಗಳು ಇಲ್ಲಿ ಒಂದು ಭೇದವನ್ನು ಗಟ್ಟಿಯಾಗಿ ಗ್ರಹಿಸಬೇಕು. ಬೂದಿ ಯಾವುದಾಗಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಒಲೆಯನ್ನು ಯಾವುದರಿಂದ ಕಟ್ಟಬೇಕೆಂಬುದು ನಮ್ಮ ಕೈಯಲ್ಲಿದೆ. ಸಮ್ಮಿಲನ ಸ್ಥಾವರದ ವಿಕಿರಣದ ಅಪಾಯ ಎಷ್ಟು ವರ್ಷ ಉಳಿಯಬೇಕೆಂಬ ತೀರ್ಮಾನ ಬಹುಮಟ್ಟಿಗೆ ಉಕ್ಕಿನ ಕಾರ್ಖಾನೆಯಲ್ಲಿಯೇ ಆಗಿಹೋಗುತ್ತದೆ.

ಇದನ್ನು ಮನಗಾಣಲು ಒಂದು ಕಲ್ಪನೆ ಮಾಡೋಣ. ಬೀದರಿನ ಒಂದು ಬಿದರಿ ಹೂಜಿಯನ್ನು ಸಮ್ಮಿಲನ ಕುಲುಮೆಯ ಗೋಡೆಯ ಪಕ್ಕದಲ್ಲಿ ಕೆಲವು ಕಾಲ ಇಟ್ಟಿದ್ದೇವೆನ್ನಿ. ಸತು ಅಲ್ಲಿನ ಬಿಸಿಗೆ ಕರಗಿಹೋದೀತೆಂಬ ಆಕ್ಷೇಪವನ್ನು ಸದ್ಯಕ್ಕೆ ಬದಿಗಿಡೋಣ. ಹೊರತೆಗೆದ ದಿನ ಹೂಜಿಯ ಮೂರು ಲೋಹಗಳೂ ವಿಕಿರಣ ಸೂಸುತ್ತಿರುತ್ತವೆ. ಸತುವಿನಿಂದ ಸತು-65 ಹುಟ್ಟಿರುತ್ತದೆ. ಅದರ ಅರ್ಧಾಯುಷ್ಯ 244 ದಿನ. ತಾಮ್ರದಿಂದ ತಾಮ್ರ-64 ಹುಟ್ಟುವುದು. ಅದು ಹದಿಮೂರು ಗಂಟೆಗಳೊಳಗೆ ಅರ್ಧವಾಗುತ್ತದೆ. ಜೊತೆಗೆ ವೇಗದ ನ್ಯೂಟ್ರಾನುಗಳು ತಾಮ್ರದ ಕೆಲವು ಬೀಜಗಳನ್ನು ಕೋಬಾಲ್ಟ್-60 ಆಗಿ ಮಾರ್ಪಡಿಸುತ್ತವೆ, ಅದಕ್ಕೆ 5.27 ವರ್ಷ. ಬೆಳ್ಳಿಯಿಂದ ಎರಡು ಬಗೆ: ಬೆಳ್ಳಿ-110ರ ಒಂದು ಉದ್ರಿಕ್ತ ರೂಪ, 250 ದಿನಗಳದು, ಬೆಳ್ಳಿ-108ರ ಒಂದು ಉದ್ರಿಕ್ತ ರೂಪ, 438 ವರ್ಷಗಳದು.

ಹೂಜಿಯನ್ನು ನೂರು ವರ್ಷ ಬೀಗ ಹಾಕಿಟ್ಟು ಮತ್ತೆ ತೆರೆಯೋಣ. ಆ ವೇಳೆಗೆ ಸತು-65 ನೂರೈವತ್ತು ಸಲ ಅರ್ಧವಾಗಿ ಲೆಕ್ಕಕ್ಕೇ ಸಿಕ್ಕದಂತಾಗಿರುತ್ತದೆ. ಕೋಬಾಲ್ಟ್-60 ಹತ್ತೊಂಬತ್ತು ಸಲ ಅರ್ಧವಾಗಿ ಐದು ಲಕ್ಷದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ತಾಮ್ರ, ಸತುಗಳಿಂದ ಹುಟ್ಟಿದ ನಿಕ್ಕಲ್-63 ಅರ್ಧ ಉಳಿದಿದ್ದರೂ ಅದರ ಬೀಟಾ ಕಣ ಚರ್ಮದ ಮೇಲ್ಪದರವನ್ನೂ ದಾಟಲಾರದಷ್ಟು ದುರ್ಬಲ. ಬೆಳ್ಳಿ-108 ಮಾತ್ರ ನೂರಕ್ಕೆ ಎಂಬತ್ತೈದರಷ್ಟು ಹಾಗೆಯೇ ಇದ್ದು, ಮೈಯನ್ನು ಭೇದಿಸುವ ಗ್ಯಾಮ ಕಿರಣಗಳನ್ನು ಸೂಸುತ್ತಿರುತ್ತದೆ. ಹೂಜಿಯ ತೂಕದಲ್ಲಿ ಬಹುಭಾಗ ಸತು. ನೂರು ವರ್ಷದ ನಂತರ ಕಾಟ ಕೊಡುವುದು ಕೂದಲೆಳೆಯಂಥ ಆ ಬೆಳ್ಳಿಯ ಗೆರೆ. ಮಹಮೂದ್ ಗವಾನನು 1472ರಲ್ಲಿ ಮದರಸವನ್ನು ಕಟ್ಟಿಸಿದಾಗ ಇಂಥ ಹೂಜಿಯೊಂದನ್ನು ಅದರ ಗೋಡೆಯೊಳಗೆ ಹುದುಗಿಸಿದ್ದನೆಂದು ಭಾವಿಸಿದರೆ, ಒಂದು ಮಿನಾರು ಉರುಳಿ ಒಂದೇ ಉಳಿದಿರುವ ಇಂದಿಗೂ ಆ ಬೆಳ್ಳಿಯಲ್ಲಿ ಐದರಲ್ಲಿ ಎರಡು ಪಾಲು ಉಳಿದಿರುತ್ತಿತ್ತು.

ಬೆಳ್ಳಿಯನ್ನು ಕುಲುಮೆಗೆ ಯಾರೂ ಬೇಕೆಂದು ಹಾಕುವುದಿಲ್ಲ. ಆದರೆ ಉಕ್ಕಿನಲ್ಲಿಯೂ ಇಂಥ ಸಣ್ಣ ಪಾಲುದಾರರುಂಟು. ಬಿಸಿಯಲ್ಲಿ ಬಲಗುಂದದಿರಲೆಂದು ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಉಕ್ಕಿಗೆ ನೂರಕ್ಕೆ ಒಂಬತ್ತರಷ್ಟು ಕ್ರೋಮಿಯಮ್, ಒಂದರಷ್ಟು ಮಾಲಿಬ್ಡಿನಮ್, ಅದಕ್ಕೂ ಬಹಳ ಕಡಿಮೆಯಾಗಿ ನಿಯೋಬಿಯಮ್ ಬೆರೆಸುವ ರೂಢಿಯಿದೆ. ಬಹಳ ಒಳ್ಳೆಯ ಉಕ್ಕು. ಆದರೆ ನ್ಯೂಟ್ರಾನು ತಗುಲಿದರೆ ನಿಯೋಬಿಯಮ್ಮಿನಿಂದ ನಿಯೋಬಿಯಮ್-94 ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು ಇಪ್ಪತ್ತು ಸಾವಿರ ವರ್ಷ. ಗವಾನನ ಕಾಲದಿಂದ ಇಂದಿನವರೆಗೆ ಅದು ನೂರಕ್ಕೆ ಎರಡರಷ್ಟೂ ಕರಗುತ್ತಿರಲಿಲ್ಲ. ಮಾಲಿಬ್ಡಿನಮ್ಮಿನಿಂದ ಕೊನೆಗೆ ಟೆಕ್ನೀಷಿಯಮ್-99 ಬರುತ್ತದೆ, ಎರಡು ಲಕ್ಷ ವರ್ಷಗಳಿಗೂ ಮೀರಿದ ಅರ್ಧಾಯುಷ್ಯದ್ದು. ನಿಕ್ಕಲಿನಿಂದ ನಿಕ್ಕಲ್-59, ಎಪ್ಪತ್ತಾರು ಸಾವಿರ. ನಮ್ಮ ಅಡುಗೆಮನೆಯ ಅಲ್ಯೂಮಿನಿಯಮ್ ಕೂಡ ಇಲ್ಲಿ ನಿರಪರಾಧಿಯಲ್ಲ: ವೇಗದ ನ್ಯೂಟ್ರಾನಿನ ಹೊಡೆತಕ್ಕೆ ಅದು ಅಲ್ಯೂಮಿನಿಯಮ್-26 ಆದರೆ ಏಳು ಲಕ್ಷ ವರ್ಷ.

ಲೋಹವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು, ಆದರೆ ಸುಲಭವಾದುದಲ್ಲ. ಮೂಲವಸ್ತುಗಳ ಆವರ್ತಕ ಕೋಷ್ಟಕವನ್ನು ತೆರೆದು ನೋಡಿ. ಮಾಲಿಬ್ಡಿನಮ್ಮಿನ ನೇರ ಕೆಳಗಿನ ಮನೆಯಲ್ಲಿ ಟಂಗ್‌ಸ್ಟನ್ ಇದೆ. ನಿಯೋಬಿಯಮ್ಮಿನ ನೇರ ಕೆಳಗೆ ಟ್ಯಾಂಟಲಮ್ ಇದೆ. ಒಂದೇ ಕಂಬದವರಾದುದರಿಂದ ರಸಾಯನಗುಣ ಹತ್ತಿರ ಹತ್ತಿರ. ಉಕ್ಕಿನೊಳಗೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಬಲ್ಲರು. ಆದರೆ ಬೀಜದ ಗುಣ ಬೇರೆ. ಟಂಗ್‌ಸ್ಟನ್-185ಕ್ಕೆ 75 ದಿನ, ಟ್ಯಾಂಟಲಮ್-182ಕ್ಕೆ 115 ದಿನ. ಕೆಲವು ವರ್ಷಗಳಲ್ಲಿ ಅವುಗಳ ಆರ್ಭಟ ಅಡಗುತ್ತದೆ. ಹೀಗೆ ಹಳಬರನ್ನು ಬಿಡಿಸಿ ಹೊಸಬರನ್ನು ಕೂರಿಸಿದ ಉಕ್ಕುಗಳನ್ನು ಜಪಾನು, ಯೂರೋಪುಗಳು ತಯಾರಿಸಿವೆ. ನಮ್ಮ ದೇಶದ್ದೂ ಒಂದಿದೆ. ಕಲ್ಪಾಕ್ಕಮ್ಮಿನ ಇಂದಿರಾ ಗಾಂಧಿ ಪರಮಾಣು ಸಂಶೋಧನ ಕೇಂದ್ರದಲ್ಲಿ ರೂಪುಗೊಂಡ ಈ ಉಕ್ಕಿನಲ್ಲಿ ನೂರಕ್ಕೆ ಒಂಬತ್ತರಷ್ಟು ಕ್ರೋಮಿಯಮ್, 1.4ರಷ್ಟು ಟಂಗ್‌ಸ್ಟನ್, 0.06ರಷ್ಟು ಟ್ಯಾಂಟಲಮ್ ಇವೆ. ಅದನ್ನು ಕರಗಿಸಿ ಎರಕ ಹೊಯ್ದದ್ದು ಹೈದರಾಬಾದಿನ ಮಿಶ್ರ ಧಾತು ನಿಗಮದಲ್ಲಿ; ಬೀದರಿನಿಂದ ಕೆಲವೇ ಗಂಟೆಗಳ ದಾರಿ.

ಈ ಕೆಲಸದಲ್ಲಿ ಕಷ್ಟವಿರುವುದು ಬೆರೆಸುವುದರಲ್ಲಲ್ಲ, ಬೇಡವಾದುದನ್ನು ಹೊರಗಿಡುವುದರಲ್ಲಿ. ಒಂದು ಟನ್ನು ಉಕ್ಕಿನಲ್ಲಿ ಹತ್ತು ಗ್ರಾಂ ನಿಯೋಬಿಯಮ್ ನುಸುಳಿದರೂ ದೀರ್ಘಕಾಲದ ಲೆಕ್ಕ ಏರುಪೇರಾಗುತ್ತದೆ. ಆದುದರಿಂದ ಸಿಕ್ಕಸಿಕ್ಕ ಗುಜರಿ ಕಬ್ಬಿಣವನ್ನು ಕುಲುಮೆಗೆ ಸುರಿಯುವಂತಿಲ್ಲ. ಆರಿಸಿದ ಶುದ್ಧ ಕಚ್ಚಾ ಸಾಮಗ್ರಿಯನ್ನು ನಿರ್ವಾತದಲ್ಲಿ ಒಮ್ಮೆ ಕರಗಿಸಿ, ಮತ್ತೆ ನಿರ್ವಾತದಲ್ಲಿಯೇ ವಿದ್ಯುತ್ ಚಾಪದಿಂದ ಇನ್ನೊಮ್ಮೆ ಕರಗಿಸಬೇಕು. ಇಷ್ಟೆಲ್ಲ ಮಾಡಿದರೂ ಉಕ್ಕು ನಿರ್ವಿಕಾರವಾಗುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅದರಲ್ಲಿರುವ ಅಷ್ಟಿಷ್ಟು ಸಾರಜನಕದಿಂದ ಇಂಗಾಲ-14 ಹುಟ್ಟುವುದು ತಪ್ಪದು. ಗುರಿಯಿರುವುದು ಇಷ್ಟೆ: ಸ್ಥಾವರ ನಿಂತ ಸುಮಾರು ನೂರು ವರ್ಷಗಳ ಮೇಲೆ ಆ ಉಕ್ಕನ್ನು ಎಚ್ಚರಿಕೆಯಿಂದ ಮತ್ತೆ ಬಳಸಲು, ಇಲ್ಲವೇ ಆಳದ ಗುಹೆಗಳಿಲ್ಲದೆ ಹೂಳಲು ಸಾಧ್ಯವಾಗಬೇಕು. ನೂರು ವರ್ಷವೆಂದರೆ ಮೊಮ್ಮಕ್ಕಳ ಕಾಲ. ಅಷ್ಟು ದಿನ ಒಂದು ದಾಖಲೆಯನ್ನೂ ಒಬ್ಬ ಕಾವಲುಗಾರನನ್ನೂ ಇಟ್ಟುಕೊಳ್ಳುವುದು ಯಾವ ಸರಕಾರಕ್ಕೂ ಅಸಾಧ್ಯವಲ್ಲ. ಇಪ್ಪತ್ತು ಸಾವಿರ ವರ್ಷದ ಕಾವಲನ್ನು ಯಾರಿಗೆ ವಹಿಸುವುದು?

ಭಾಲ್ಕಿಯ ವಿದ್ಯಾರ್ಥಿ ಕೇಳಿದ ಕವಚದ ವಿಷಯಕ್ಕೆ ಈಗ ಬರೋಣ. ಫ್ರಾನ್ಸಿನ ಕದರಾಷ್ ಎಂಬಲ್ಲಿ ಹಲವು ದೇಶಗಳು ಕೂಡಿ ಇಟರ್ ಎಂಬ ದೊಡ್ಡ ಪ್ರಯೋಗ ಸ್ಥಾವರವನ್ನು ಕಟ್ಟುತ್ತಿವೆ. ಭಾರತ 2005ರಲ್ಲಿ ಅದರ ಪಾಲುದಾರನಾಯಿತು. ಅದರ ನಿರ್ವಾತ ಪಾತ್ರೆಗೆ ಎರಡು ಗೋಡೆಗಳಿವೆ. ನಡುವಣ ಸಂದಿಯನ್ನು ತುಂಬುವ ಉಕ್ಕಿನ ಗಟ್ಟಿಗಳನ್ನು ಒದಗಿಸುವುದು ಭಾರತದ ಪಾಲಿನ ಕೆಲಸ. ಅಂಥ ಸಾವಿರಾರು ಗಟ್ಟಿಗಳು ತಯಾರಾದುದು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಕಾರ್ಖಾನೆಯಲ್ಲಿ. ಬಹುಪಾಲು ಗಟ್ಟಿಗಳ ಉಕ್ಕಿನಲ್ಲಿ ಬೋರಾನ್ ಬೆರೆತಿದೆ. ಅಕ್ಕಸಾಲಿಗರ ಬಿಳಿಗಾರದಲ್ಲಿರುವ ಮೂಲವಸ್ತುವೇ ಇದು. ಬೋರಾನಿನ ಐದರಲ್ಲಿ ಒಂದು ಪಾಲು ಬೋರಾನ್-10. ನಿಧಾನವಾಗಿ ಚಲಿಸುವ ನ್ಯೂಟ್ರಾನನ್ನು ನುಂಗುವುದರಲ್ಲಿ ಅದಕ್ಕೆ ಅತಿಶಯವಾದ ಹಸಿವು. ನುಂಗಿದ ಮೇಲೆ ಅದು ಲಿಥಿಯಮ್, ಹೀಲಿಯಮ್‌ಗಳಾಗಿ ಒಡೆಯುತ್ತದೆ, ಎರಡೂ ವಿಕಿರಣಪಟುಗಳಲ್ಲ. ಆದರೆ ವೇಗದ ನ್ಯೂಟ್ರಾನು ಅದರ ಬಾಯಿಗೆ ಸಿಕ್ಕದು. ಅದಕ್ಕಾಗಿ ಗಟ್ಟಿಗಳ ಸುತ್ತ ನೀರು ಹರಿಯುತ್ತದೆ. ನೀರಿನ ಜಲಜನಕ ಬೀಜಗಳಿಗೆ ಡಿಕ್ಕಿ ಹೊಡೆದು, ಗೋಲಿಗೆ ಗೋಲಿ ತಾಗಿದಂತೆ, ನ್ಯೂಟ್ರಾನು ತನ್ನ ವೇಗವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಬೋರಾನು ಅದನ್ನು ಹಿಡಿಯುತ್ತದೆ. ಹಿಂದಿರುವ ಅತಿವಾಹಕ ಕಾಂತಗಳೂ ಹೊರಗಿನ ಜನರೂ ಹೀಗೆ ರಕ್ಷಿತರಾಗುತ್ತಾರೆ. ಇಟರಿನ ಪಾತ್ರೆ ಮಾತ್ರ ನಾವು ಮೇಲೆ ಹೇಳಿದ ಹೊಸ ಉಕ್ಕಿನದಲ್ಲ. ನಿಕ್ಕಲ್, ಮಾಲಿಬ್ಡಿನಮ್ ಉಳ್ಳ ತುಕ್ಕುಹಿಡಿಯದ ಉಕ್ಕು. ಅದು ಪ್ರಯೋಗಶಾಲೆಯೇ ಹೊರತು ವರ್ಷಗಟ್ಟಲೆ ಉರಿಯುವ ವಿದ್ಯುತ್ ಸ್ಥಾವರವಲ್ಲವಾದುದರಿಂದ, ಕೋಬಾಲ್ಟ್, ನಿಯೋಬಿಯಮ್‌ಗಳಿಗೆ ಬಿಗಿಯಾದ ಮಿತಿ ಹಾಕಿ ಅಷ್ಟಕ್ಕೇ ತೃಪ್ತರಾಗಿದ್ದಾರೆ.

ಇನ್ನು ಇಂಧನದ ಮಾತು. ಡ್ಯುಟೀರಿಯಮ್ ನಿರಪಾಯ. ಟ್ರಿಟಿಯಮ್ ಹಾಗಲ್ಲ, ಅದರ ಅರ್ಧಾಯುಷ್ಯ 12.3 ವರ್ಷ. ಅದರ ಬೀಟಾ ಕಣ ಗಾಳಿಯಲ್ಲಿ ಒಂದು ಸೆಂಟಿಮೀಟರನ್ನೂ ದಾಟದು, ಹೊರಗಿದ್ದರೆ ಭಯವಿಲ್ಲ. ಆದರೆ ಅದು ಜಲಜನಕವೇ ಆದುದರಿಂದ ನೀರಾಗಿ ಮಾರ್ಪಡುವುದು ಅತಿ ಸುಲಭ, ನೀರಾದ ಮೇಲೆ ಮೈಯೊಳಗೆ ಹೋಗುವುದೂ ಸುಲಭ. ನಮ್ಮ ರಾಜ್ಯದಲ್ಲಿಯೇ ಇದಕ್ಕೆ ನಿದರ್ಶನವುಂಟು. ಕೈಗಾದ ಸ್ಥಾವರದಲ್ಲಿ ಬಳಸುವ ಭಾರಜಲದಲ್ಲಿ ಟ್ರಿಟಿಯಮ್ ಹುಟ್ಟುತ್ತಿರುತ್ತದೆ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಶೀತಕವೊಂದಕ್ಕೆ ಅಂಥ ನೀರು ಸೇರಿ, ಐವತ್ತಕ್ಕೂ ಹೆಚ್ಚು ಮಂದಿ ಕೆಲಸಗಾರರ ಮೈಯನ್ನು ಹೊಕ್ಕಿತು. ಯಾರೋ ಬೇಕೆಂದೇ ಬೆರೆಸಿದರೆಂದು ಅಧಿಕಾರಿಗಳು ಅಂದು ಹೇಳಿದರು. ನಿಯತವಾಗಿ ನಡೆಯುತ್ತಿದ್ದ ಮೂತ್ರಪರೀಕ್ಷೆಯಿಂದ ಅದು ಬಯಲಾಯಿತು. ಮೈಯೊಳಗಿನ ನೀರು ಸುಮಾರು ಹತ್ತು ದಿನಗಳಲ್ಲಿ ಅರ್ಧದಷ್ಟು ಬದಲಾಗುವುದರಿಂದ ಟ್ರಿಟಿಯಮ್ಮೂ ಹಾಗೆಯೇ ಹೊರಹೋಗುತ್ತದೆ. ಹೆಚ್ಚು ನೀರು ಕುಡಿಸಿದರೆ ಬೇಗ ಹೋಗುತ್ತದೆ. ಸಮ್ಮಿಲನ ಸ್ಥಾವರದಲ್ಲಿ ಇದೇ ಟ್ರಿಟಿಯಮ್ ಕಿಲೋಗ್ರಾಂ ಲೆಕ್ಕದಲ್ಲಿ ಓಡಾಡಬೇಕು. ನೂರು ಕೋಟಿ ವಾಟ್‌ನಷ್ಟು ಸಮ್ಮಿಲನ ಶಾಖವನ್ನು ಒಂದು ವರ್ಷ ಬಿಡದೆ ಪಡೆಯಲು ಸುಮಾರು 56 ಕಿಲೋಗ್ರಾಂ ಉರಿಯಬೇಕು. ನಮ್ಮ ಮಟ್ಟಿಗೆ ಹೇಳುವುದಾದರೆ, ಸ್ಥಾವರದ ನೆರೆಹೊರೆಯವರು ಮೊದಲು ಕೇಳಬೇಕಾದುದು ಉಕ್ಕಿನ ವಿಷಯವನ್ನಲ್ಲ, ಈ ಟ್ರಿಟಿಯಮ್ಮಿನ ವಿಷಯವನ್ನು.

ಇಲ್ಲಿಯೂ ಗೋಡೆಯ ಆಯ್ಕೆ ಸಹಾಯಕ್ಕೆ ಬರುತ್ತದೆ. ಇಂಗ್ಲೆಂಡಿನ ಜೆಟ್ ಯಂತ್ರದ ಒಳಮೈಗೆ ಮೊದಲು ಇಂಗಾಲದ ಬಿಲ್ಲೆಗಳಿದ್ದವು. ಇಂಗಾಲ ಬಿಸಿಗೆ ಹೆದರದು. ಆದರೆ ಜಲಜನಕದೊಡನೆ ಕೂಡಿಕೊಳ್ಳುವುದೆಂದರೆ ಅದಕ್ಕೆ ಪ್ರೀತಿ. 1997ರ ಪ್ರಯೋಗಗಳಲ್ಲಿ ಟ್ರಿಟಿಯಮ್ಮಿನ ಒಂದು ಪಾಲು ಗೋಡೆಯಲ್ಲಿಯೇ ಸಿಕ್ಕಿಕೊಂಡಿತು. 2011ರ ವೇಳೆಗೆ ಇಂಗಾಲವನ್ನು ಕಿತ್ತು ಬೆರಿಲಿಯಮ್, ಟಂಗ್‌ಸ್ಟನ್‌ಗಳನ್ನು ಹೊದಿಸಿದರು. ಬೆರಿಲಿಯಮ್ಮಿನ ಧೂಳು ಶ್ವಾಸಕೋಶಕ್ಕೆ ವಿಷ. ಇಟರಿನಲ್ಲಿ ಅದನ್ನು ಕೈಬಿಟ್ಟು ಟಂಗ್‌ಸ್ಟನ್ನನ್ನೇ ಹಾಕಬೇಕೆಂದು 2023ರಲ್ಲಿ ತೀರ್ಮಾನವಾಯಿತು.

ಟ್ರಿಟಿಯಮ್ ಪ್ರಕೃತಿಯಲ್ಲಿ ಇಲ್ಲವೆನ್ನುವಷ್ಟು ವಿರಳ. ಕುಲುಮೆಯ ಸುತ್ತ ಲಿಥಿಯಮ್ಮಿನ ಹೊದಿಕೆ ಇಟ್ಟು ನ್ಯೂಟ್ರಾನಿನಿಂದಲೇ ಅದನ್ನು ಹುಟ್ಟಿಸಿಕೊಳ್ಳಬೇಕು. ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದಲ್ಲಿ 1,600 ಟನ್ ಲಿಥಿಯಮ್ ಇರಬಹುದೆಂಬ ಅಂದಾಜು 2021ರಲ್ಲಿ ಪ್ರಕಟವಾದುದು ನೆನಪಿರಬಹುದು. ಲಿಥಿಯಮ್ಮನ್ನು ಸೀಸದೊಡನೆ ಕರಗಿಸಿ ಹೊದಿಕೆಯಾಗಿ ಹರಿಸುವುದು ಒಂದು ವಿಧಾನ. ಸೀಸ ನ್ಯೂಟ್ರಾನುಗಳನ್ನು ಹೆಚ್ಚಿಸಿಕೊಡುತ್ತದೆ. ಮತ್ತೆ ಅದೇ ಕಥೆ: ಸೀಸದಲ್ಲಿ ಬಿಸ್ಮತ್ತಿನ ಅಲ್ಪ ಕಲ್ಮಷವಿದ್ದರೂ ಅದು ಪೊಲೋನಿಯಮ್-210 ಎಂಬ ಘೋರ ವಿಷವಾಗುತ್ತದೆ. ಸೀಸವನ್ನೂ ಶೋಧಿಸುತ್ತಲೇ ಇರಬೇಕು.

ನ್ಯೂಟ್ರಾನೇ ಹುಟ್ಟದ ಇಂಧನವಿಲ್ಲವೇ ಎಂದು ವಾಚಕರು ಕೇಳುವರು. ಉಂಟು. ಡ್ಯುಟೀರಿಯಮ್ ಹೀಲಿಯಮ್-3ರೊಡನೆ ಕೂಡಿದರೆ ಪ್ರೋಟಾನು ಹೊರಡುತ್ತದೆ. ಆದರೆ ಡ್ಯುಟೀರಿಯಮ್ಮುಗಳು ತಮ್ಮತಮ್ಮಲ್ಲೇ ಕೂಡಿ ಒಂದಷ್ಟು ನ್ಯೂಟ್ರಾನುಗಳನ್ನು ಹೊರಡಿಸಿಯೇ ತೀರುತ್ತವೆ. ಹೀಲಿಯಮ್-3ನ್ನು ಚಂದ್ರನಿಂದ ತರುವ ಮಾತು ಕೇಳಲು ಸೊಗಸಾಗಿದೆ; ಅಷ್ಟೆ. ಪ್ರೋಟಾನು ಬೋರಾನ್-11ರೊಡನೆ ಕೂಡಿದರೆ ಮೂರು ಹೀಲಿಯಮ್ ಬೀಜಗಳು ಮಾತ್ರ ಬರುತ್ತವೆ. ಬಿಳಿಗಾರದ ಬೋರಾನು ಕವಚದಲ್ಲಿ ನುಂಗುವವನಾಗಿ, ಇಲ್ಲಿ ಇಂಧನವಾಗಿ, ಎರಡು ವೇಷ ಹಾಕುತ್ತದೆ. ಆದರೆ ಟ್ರಿಟಿಯಮ್ಮಿನ ಇಂಧನಕ್ಕೆ ಹದಿನೈದು ಕೋಟಿ ಡಿಗ್ರಿ ಸಾಕಾದರೆ, ಇದಕ್ಕೆ ನೂರು ಕೋಟಿಯನ್ನೂ ಮೀರಬೇಕು. ಆ ಉಷ್ಣಮಾನದಲ್ಲಿ ಎಲೆಕ್ಟ್ರಾನುಗಳು ಎಕ್ಸ್ ಕಿರಣಗಳನ್ನು ಸೂಸಿ ಶಾಖವನ್ನು ಸೋರಿಹಾಕುತ್ತವೆ. ಇಂಧನ ಶುದ್ಧವಾದಷ್ಟೂ ಹೊತ್ತಿಸುವುದು ಕಠಿನ.

ಹೊತ್ತಿಸುವುದರಲ್ಲಿ ವಿಜ್ಞಾನಿಗಳ ನಿರೀಕ್ಷೆ ಹಿಂದೆಯೂ ತಪ್ಪಿದೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಕೆಲವು ವರ್ಷ ಇದ್ದ ಹೋಮಿ ಭಾಭಾ ಅವರು 1955ರಲ್ಲಿ ಜಿನೀವಾ ಸಮ್ಮೇಳನದ ಅಧ್ಯಕ್ಷರಾಗಿ, ಎರಡು ದಶಕಗಳಲ್ಲಿ ಸಮ್ಮಿಲನ ಶಕ್ತಿ ನಮ್ಮ ಹತೋಟಿಗೆ ಬರುವುದೆಂದು ಭವಿಷ್ಯ ನುಡಿದರು. ಎಪ್ಪತ್ತು ವರ್ಷಗಳಾದವು. 2022ರ ಡಿಸೆಂಬರಿನಲ್ಲಿ ಅಮೆರಿಕದ ಪ್ರಯೋಗವೊಂದು 2.05 ಮೆಗಾಜೂಲ್ ಲೇಸರ್ ಶಕ್ತಿಗೆ 3.15 ಮೆಗಾಜೂಲನ್ನು ಹಿಂದಿರುಗಿಸಿತು. ಜೆಟ್ ಯಂತ್ರ ತನ್ನ ಕೊನೆಯ ವರ್ಷವಾದ 2023ರಲ್ಲಿ ಐದು ಸೆಕೆಂಡುಗಳಲ್ಲಿ 69 ಮೆಗಾಜೂಲನ್ನು ಕೊಟ್ಟಿತು. ಮನೆಯ ದೀಪಕ್ಕೆ ವಿದ್ಯುತ್ತು ಇನ್ನೂ ಬಂದಿಲ್ಲ. ತಡವಾದುದರಲ್ಲಿ ಒಂದು ಅನುಕೂಲವಿದೆ: ಒಲೆ ಇನ್ನೂ ಕಟ್ಟಿಯಾಗಿಲ್ಲವಾದುದರಿಂದ ಅದನ್ನು ಯಾವುದರಿಂದ ಕಟ್ಟಬೇಕೆಂಬುದನ್ನು ನಿಶ್ಚಯಿಸಲು ಕಾಲವಿದೆ.

ಆದರೆ ಹೊಸ ಉಕ್ಕುಗಳು 14 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನುಗಳ ಮಳೆಯನ್ನು ವರ್ಷಗಟ್ಟಲೆ ತಾಳಿಕೊಳ್ಳುವುದನ್ನು ಈವರೆಗೆ ಯಾರೂ ಕಂಡಿಲ್ಲ. ಅಂಥ ಮಳೆ ಸುರಿಸುವ ಯಂತ್ರವೇ ಇರಲಿಲ್ಲ. ಇದುವರೆಗಿನ ಪರೀಕ್ಷೆಗಳು ಹೆಚ್ಚಾಗಿ ವಿದಳನ ಸ್ಥಾವರಗಳ ಮಂದವಾದ ನ್ಯೂಟ್ರಾನುಗಳಲ್ಲಿ ನಡೆದವು. ಸ್ಪೇನಿನ ಗ್ರಾನಡಾ ನಗರದ ಬಳಿ ಇದಕ್ಕೆಂದೇ ಒಂದು ಯಂತ್ರ ಸಿದ್ಧವಾಗುತ್ತಿದೆ: ಡ್ಯುಟೀರಿಯಮ್ ಬೀಜಗಳನ್ನು ವೇಗೋತ್ಕರ್ಷಗೊಳಿಸಿ, ಹರಿಯುವ ದ್ರವ ಲಿಥಿಯಮ್ಮಿಗೆ ಹೊಡೆದು, ಸಮ್ಮಿಲನದ ನ್ಯೂಟ್ರಾನುಗಳನ್ನು ಹೋಲುವ ನ್ಯೂಟ್ರಾನುಗಳನ್ನು ಹೊರಡಿಸುವುದು ಅದರ ಕೆಲಸ. ಉಕ್ಕಿನ ಬೆರಳುದ್ದದ ತುಂಡುಗಳನ್ನು ಅದರ ಮುಂದೆ ಇಟ್ಟು, ತಿಂಗಳುಗಟ್ಟಲೆ ಕಾದು, ಹೊರತೆಗೆದು, ಎಳೆದು ಬಗ್ಗಿಸಿ ನೋಡುತ್ತಾರೆ.